ಕಲಿಸುವ ವಿಡಿಯೊ

ನೋಡಿ ಸಂತೋಷಪಡುವ ಚಿತ್ರ ಬೇರೆ, ನೋಡಿ ಕೆಲಸ ಕಲಿಯುವ ಚಿತ್ರ ಬೇರೆ. ಮೊದಲನೆಯದರಲ್ಲಿ ಪ್ರೇಕ್ಷಕನು ಕುರ್ಚಿಗೆ ಒರಗಿ ಕುಳಿತಿರುತ್ತಾನೆ. ಅವನಿಂದ ಯಾರೂ ಏನನ್ನೂ ಅಪೇಕ್ಷಿಸುವುದಿಲ್ಲ. ಎರಡನೆಯದು ಮುಗಿದ ಕೂಡಲೆ ಅವನು ಎದ್ದು, ಅಷ್ಟು ಹೊತ್ತು ಕಣ್ಣಿನಿಂದ ಕಂಡದ್ದನ್ನು ಕೈಯಿಂದ ಮಾಡಬೇಕು. ಮಾಡಲು ಬಂದರೆ ಚಿತ್ರ ಗೆದ್ದಿತು. ಬಾರದಿದ್ದರೆ, ಎಷ್ಟು ಅಂದವಾಗಿದ್ದರೂ ಸೋತಿತು. ಈ ಎರಡನೆಯ ಜಾತಿಯ ಚಿತ್ರವನ್ನು ಯೋಚಿಸುವುದು ಹೇಗೆ, ತೆಗೆಯುವುದು ಹೇಗೆ, ಕತ್ತರಿಸಿ ಜೋಡಿಸುವುದು ಹೇಗೆ ಎಂಬುದನ್ನು, ಕಳೆದ ವರ್ಷ ನಾನೂ ನನ್ನ ಇಬ್ಬರು ಸಹಪಾಠಿಗಳೂ ಸೇರಿ ಮಾಡಿದ ನಾಲ್ಕೂವರೆ ನಿಮಿಷದ ಒಂದು ವಿಡಿಯೊವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಮೊಬೈಲು ಎಲ್ಲರ ಕೈಯಲ್ಲಿಯೂ ಇರುವ ಈ ದಿನಗಳಲ್ಲಿ ಇದನ್ನು ಹೇಳಿಕೊಡಬೇಕೆ ಎಂದು ಓದುಗರು ಕೇಳಬಹುದು. ಲೇಖನಿ ಎಲ್ಲರ ಜೇಬಿನಲ್ಲಿ ಇದ್ದಾಗಲೂ ಪತ್ರ ಬರೆಯುವುದನ್ನು ಶಾಲೆಯಲ್ಲಿ ಕಲಿಸುತ್ತಿದ್ದರಷ್ಟೆ.

ಚಿತ್ರದ ಮೂಲಕ ಕನ್ನಡದಲ್ಲಿ ಪಾಠ ಹೇಳುವ ಪ್ರಯತ್ನ ಹೊಸದೇನಲ್ಲ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಒಂದು ವರ್ಷ ಕಾಲ, ನಮ್ಮ ಇಸ್ರೊ ಸಂಸ್ಥೆಯು ಅಮೆರಿಕದ ನಾಸಾದಿಂದ ಎರವಲು ಪಡೆದ ಎ.ಟಿ.ಎಸ್.-೬ ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ನೇರವಾಗಿ ದೂರದರ್ಶನದ ಪಾಠಗಳನ್ನು ಮುಟ್ಟಿಸಿತು. ‘ಸೈಟ್’ ಎಂಬ ಮೊಟಕು ಹೆಸರಿನ ಈ ಪ್ರಯೋಗದಲ್ಲಿ ನಮ್ಮ ರಾಜ್ಯದ ಆಗಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದುವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೇಸಾಯ, ಆರೋಗ್ಯ ಮುಂತಾದ ವಿಷಯಗಳು. ಆದರೆ ಈ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಕಲಿಸುವವರು ಒಂದು ಊರಿನಲ್ಲಿ, ಕಲಿಯುವವರು ಇನ್ನೊಂದು ಊರಿನಲ್ಲಿ. ಎರಡರ ನಡುವೆ ಆಕಾಶದಲ್ಲಿ ಉಪಗ್ರಹ.

ಇದಾದ ಮೂವತ್ತು ವರ್ಷಗಳ ಮೇಲೆ ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ‘ಡಿಜಿಟಲ್ ಗ್ರೀನ್’ ಎಂಬ ಯೋಜನೆಯು ದಾರಿಯನ್ನೇ ತಿರುಗಿಸಿತು. ಊರಿನ ರೈತನನ್ನೇ ಅವನ ಹೊಲದಲ್ಲಿ ನಿಲ್ಲಿಸಿ ಚಿತ್ರಿಸುವುದು. ಅದನ್ನು ಆ ಊರಿನವರಿಗೂ ನೆರೆಯೂರಿನವರಿಗೂ ತೋರಿಸುವುದು. ತೋರಿಸುವಾಗ ಊರಿನವರೊಬ್ಬರು ಪಕ್ಕದಲ್ಲಿ ನಿಂತು, ಚಿತ್ರವನ್ನು ನಡುನಡುವೆ ತಡೆದು, ನೋಡುವವರನ್ನು ಮಾತಿಗೆಳೆಯುವುದು. ಕರ್ನಾಟಕದ ೧೬ ಹಳ್ಳಿಗಳಲ್ಲಿ, ೧,೪೭೦ ಮನೆಗಳನ್ನು ಗಣನೆಗೆ ತೆಗೆದುಕೊಂಡು ೧೩ ತಿಂಗಳು ಪರೀಕ್ಷಿಸಿದಾಗ, ಅಧಿಕಾರಿಗಳು ಬಂದು ಹೇಳಿಹೋಗುವ ಹಳೆಯ ಪದ್ಧತಿಗಿಂತ ಏಳು ಪಟ್ಟು ಹೆಚ್ಚಾಗಿ ಕೆಲವು ಬೇಸಾಯ ಕ್ರಮಗಳನ್ನು ರೈತರು ಕೈಗೊಂಡರೆಂದು ವರದಿಯಾಯಿತು. ಚಿತ್ರವನ್ನು ಕಂಡ ರೈತರು ಮೊದಲು ಕೇಳುತ್ತಿದ್ದ ಪ್ರಶ್ನೆ, ಆ ರೈತ ಯಾರು, ಯಾವ ಊರಿನವನು ಎಂಬುದಂತೆ. ಕ್ಯಾಮೆರಾದ ಬೆಲೆಯನ್ನು ಯಾರೂ ಕೇಳಲಿಲ್ಲ.

ಈ ಎರಡು ಪ್ರಯೋಗಗಳನ್ನು ಕುರಿತು ನಾವು ಓದಿದ್ದು ಸಮಾಜಶಾಸ್ತ್ರದ ಒಂದು ಸೆಮಿನಾರಿಗಾಗಿ. ಸೆಮಿನಾರು ಮುಗಿದ ಮೇಲೆ ಗುರುಗಳು, “ಓದಿದ್ದು ಸಾಕು, ನಿಮ್ಮ ಬೀದಿಗೆ ಬೇಕಾದ ಒಂದು ಪಾಠವನ್ನು ನೀವೇ ಮಾಡಿ ತನ್ನಿ” ಎಂದರು. ನನ್ನ ಗೆಳತಿಯರಲ್ಲಿ ಒಬ್ಬಳು ಕೆಂಗೇರಿಯವಳು, ಇನ್ನೊಬ್ಬಳು ಬಸವೇಶ್ವರನಗರದವಳು. ಬೀದಿ ಮಾತ್ರ ನಮ್ಮದೇ ಆಯಿತು.

ನಮ್ಮ ಮನೆ ಮಾಗಡಿ ರಸ್ತೆಯಿಂದ ಒಳಕ್ಕೆ, ಕಾಮಾಕ್ಷಿಪಾಳ್ಯದಲ್ಲಿದೆ. ಅಮ್ಮ ಮೈಸೂರು ರಸ್ತೆಯ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ೧೭ ವರ್ಷದಿಂದ ಟೈಲರು. ಓದಿದ್ದು ನಾಲ್ಕನೆಯ ತರಗತಿ. ಗಾರ್ಮೆಂಟ್ಸಿನ ಒಳಗಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹೆಲ್ಪರಾಗಿ ಸೇರಿದವಳು ದಾರ ಕತ್ತರಿಸುತ್ತ, ಬಂಡಲು ಹೊರುತ್ತ ದಿನವೆಲ್ಲ ನಿಂತಿರುತ್ತಾಳೆ. ಮಷೀನಿನ ಮುಂದೆ ಕುಳಿತವಳು ಟೈಲರು. ಸಂಬಳದಲ್ಲಿಯೂ ಕರೆಯುವ ಮಾತಿನಲ್ಲಿಯೂ ವ್ಯತ್ಯಾಸವುಂಟು. ಟೈಲರಾಗಬೇಕೆಂದು ಹೋದವಳನ್ನು ಮೊದಲು ಮಷೀನಿಗೆ ಕೂರಿಸಿ ‘ಟ್ರಯಲ್’ ನೋಡುತ್ತಾರೆ. ದಾರ ಪೋಣಿಸಲೇ ಬಾರದಿದ್ದರೆ ಮಾತು ಹೊಲಿಗೆಯವರೆಗೆ ಹೋಗುವುದಿಲ್ಲ. ನಮ್ಮ ಬೀದಿಯ ಹೆಂಗಸರಲ್ಲಿ ಹಲವರು ಮನೆಯ ಕಾಲ್ತುಳಿ ಮಷೀನಿನಲ್ಲಿ ಚೆನ್ನಾಗಿ ರವಿಕೆ ಹೊಲಿಯಬಲ್ಲರು. ಕಾರ್ಖಾನೆಯ ಮಷೀನಿನ ದಾರ ಮಾತ್ರ ಅವರಿಗೆ ಹೊಸದು. ಕಲಿಯಲು ಅಮ್ಮನ ಬಳಿಗೆ ಬರುತ್ತಾರೆ. ಅದಕ್ಕೆಂದೇ ನಮ್ಮ ಮುಂಗೋಣೆಯಲ್ಲಿ ಹಳೆಯದಾದ ಒಂದು ಕಾರ್ಖಾನೆ ಮಷೀನನ್ನು ಅಮ್ಮ ಇಟ್ಟುಕೊಂಡಿದ್ದಾಳೆ. ಆದರೆ ಅವಳಿಗೆ ಬಿಡುವಿರುವುದು ಭಾನುವಾರ ಮಾತ್ರ. ಹೇಳಿಕೊಟ್ಟದ್ದು ಬುಧವಾರದ ಹೊತ್ತಿಗೆ ಮರೆತಿರುತ್ತದೆ. ಬುಧವಾರವೂ ಅಮ್ಮನ ಕೈ ಅವರ ಮುಂದೆ ಇರುವಂತೆ ಮಾಡಬೇಕು. ಇದು ನಮ್ಮ ಉದ್ದೇಶ.

ಕಲಿಸುವ ವಿಡಿಯೊಗೆ ವಿಷಯವು ಎಷ್ಟು ಕಿರಿದಾದರೆ ಅಷ್ಟು ಒಳ್ಳೆಯದು. ‘ಹೊಲಿಗೆ ಕಲಿಯಿರಿ’ ಎಂಬುದು ವಿಷಯವಲ್ಲ, ಅದು ಅಂಗಡಿಯ ಬೋರ್ಡು. ‘ಒಂಟಿ ಸೂಜಿಯ ಕಾರ್ಖಾನೆ ಮಷೀನಿಗೆ ಮೇಲಿನ ದಾರ ಪೋಣಿಸುವುದು’ ಎಂಬುದು ವಿಷಯ. ಕೆಳಗಿನ ಬಾಬಿನ್ ದಾರವನ್ನೂ ಸೇರಿಸೋಣವೆಂದು ಮಾತು ಬಂದಿತ್ತು, ಬಿಟ್ಟೆವು. ಅದಕ್ಕೆ ಬೇರೆ ವಿಡಿಯೊ ಬೇಕು.

ಯೋಜನೆಯೆಂದರೆ ಬರವಣಿಗೆಯೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಬರೆಯುವುದಕ್ಕಿಂತ ಮೊದಲು ನೋಡುವ ಕೆಲಸವಿದೆ, ಮತ್ತು ಇಡೀ ವಿಡಿಯೊದ ಕಷ್ಟವೆಲ್ಲ ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಎರಡು ಭಾನುವಾರಗಳನ್ನು ನಾವು ಕ್ಯಾಮೆರಾವನ್ನು ಮುಟ್ಟದೆ ನೋಡುವುದಕ್ಕೇ ಮೀಸಲಿಟ್ಟೆವು. “ಹೇಗಮ್ಮ ಹಾಕ್ತೀಯ?” ಎಂದರೆ ಅಮ್ಮನ ಉತ್ತರ: “ಅದೇನೇ, ಹಿಂಗ್ ತಂದು ಹಿಂಗ್ ಹಾಕೋದು, ಅಷ್ಟೆ.” ಅಷ್ಟು ಹೇಳುವುದರೊಳಗೆ ಕೈ ಕೆಲಸ ಮುಗಿಸಿರುತ್ತಿತ್ತು, ಗಡಿಯಾರ ನೋಡಿದರೆ ೧೨ ಸೆಕೆಂಡು. ಬಹುಕಾಲ ಒಂದೇ ಕೆಲಸ ಮಾಡಿದವರಿಗೆ ತಮ್ಮ ಕೈ ಏನು ಮಾಡುತ್ತದೆಂಬುದು ಬಾಯಿಗೆ ಬರುವುದಿಲ್ಲ. ಅದನ್ನು ಹೊರತರಲು ನಾವು ಒಂದು ಉಪಾಯ ಹಿಡಿದೆವು. ಅಮ್ಮ ಮಷೀನನ್ನು ಮುಟ್ಟಬಾರದು, ಬಾಯಲ್ಲಿ ಹೇಳಬೇಕು. ಕೆಂಗೇರಿಯ ಗೆಳತಿ ಹೇಳಿದಷ್ಟನ್ನೇ ಮಾಡಬೇಕು, ಸ್ವಂತ ಬುದ್ಧಿ ಉಪಯೋಗಿಸಕೂಡದು. ಎಲ್ಲಿ ದಾರ ಕೂರುವುದಿಲ್ಲವೋ ಅಲ್ಲಿ ಬಾಯಿಗೆ ಬಾರದ ಹೆಜ್ಜೆಯೊಂದು ಅಡಗಿದೆ ಎಂದು ಲೆಕ್ಕ.

ಅಂಥ ಒಂದು ಹೆಜ್ಜೆ ಸಿಕ್ಕಿದ್ದನ್ನು ವಿವರವಾಗಿ ಹೇಳುತ್ತೇನೆ. ದಾರವು ಸ್ಟ್ಯಾಂಡಿನ ಉಂಡೆಯಿಂದ ಮೇಲಕ್ಕೆ ಹೋಗಿ, ಮಷೀನಿನ ನೆತ್ತಿಯ ಮೇಲಿನ ತೂತುಗಳನ್ನು ಹಾದು, ಕೆಳಗಿಳಿದು, ಎರಡು ಪುಟ್ಟ ಉಕ್ಕಿನ ತಟ್ಟೆಗಳ ನಡುವೆ ನುಸುಳಬೇಕು. ಇದನ್ನು ಟೆನ್ಷನ್ ಎನ್ನುತ್ತಾರೆ. ದಾರಕ್ಕೆ ಬಿಗಿ ಕೊಡುವುದು ಇದೇ. ಗೆಳತಿ ಎಷ್ಟು ಸಲ ಎಳೆದರೂ ದಾರ ತಟ್ಟೆಗಳ ಅಂಚಿನ ಮೇಲೆಯೇ ನಿಲ್ಲುತ್ತಿತ್ತು, ಒಳಕ್ಕೆ ಹೋಗುತ್ತಿರಲಿಲ್ಲ. ಅಮ್ಮ ಕುಳಿತರೆ ಒಂದೇ ಸಲಕ್ಕೆ ಒಳಗೆ. ಕೈಗಳೆರಡೂ ಮಾಡುವುದು ಒಂದೇ. ಕೊನೆಗೆ ಬಸವೇಶ್ವರನಗರದ ಗೆಳತಿ ನೆಲದ ಮೇಲೆ ಕುಳಿತು ನೋಡಿ, “ಆಂಟಿ, ನಿಮ್ಮ ಮೊಣಕಾಲು!” ಎಂದಳು. ಕಾರ್ಖಾನೆ ಮಷೀನಿನ ಮೇಜಿನ ಕೆಳಗೆ, ಬಲ ಮೊಣಕಾಲಿಗೆ ಸರಿಯಾಗಿ ಒಂದು ದಿಂಬಿನಂಥ ಸನ್ನೆ ಇರುತ್ತದೆ. ಅದನ್ನು ಪಕ್ಕಕ್ಕೆ ಒತ್ತಿದರೆ ಬಟ್ಟೆಯನ್ನು ಅದುಮಿ ಹಿಡಿಯುವ ಫೂಟು ಮೇಲೇಳುತ್ತದೆ. ಫೂಟು ಎದ್ದಾಗ ಟೆನ್ಷನ್ ತಟ್ಟೆಗಳು ಸಡಿಲವಾಗಿ ದಾರಕ್ಕೆ ದಾರಿ ಕೊಡುತ್ತವೆ. ಅಮ್ಮನಿಗೇ ಬೆರಗಾಯಿತು. “ಹೌದಲ್ಲೇ, ಕಾಲು ತಾನಾಗೇ ಒತ್ತುತ್ತೆ!” ಮನೆಯ ಮಷೀನಿನಲ್ಲಿ ಮೊಣಕಾಲಿಗೆ ಕೆಲಸವಿಲ್ಲ, ಆದ್ದರಿಂದ ಅಲ್ಲಿಂದ ಬಂದವರಿಗೆ ಇದು ತೋಚುವುದೂ ಇಲ್ಲ. ದಾರ ತಟ್ಟೆಗಳೊಳಗೆ ಕೂರದಿದ್ದರೆ ಮೇಲ್ದಾರಕ್ಕೆ ಬಿಗಿಯಿರುವುದಿಲ್ಲ, ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗುತ್ತದೆ, ಮಷೀನು ಸಿಕ್ಕಿಕೊಳ್ಳುತ್ತದೆ. ಟ್ರಯಲ್‌ನಲ್ಲಿ ಹೊಸಬರ ಗತಿ ಹೆಚ್ಚಾಗಿ ಇದೇ ಎಂದು ಅಮ್ಮ ಹೇಳುತ್ತಾಳೆ.

ಸೂಜಿಯ ವಿಷಯವೂ ಹೀಗೆಯೇ. ನಮ್ಮ ಮನೆಯ ಹಳೆಯ ಕಪ್ಪು ಮಷೀನಿನಲ್ಲಿ ಸೂಜಿಯ ಕಣ್ಣಿಗೆ ದಾರವನ್ನು ಬಲದಿಂದ ಎಡಕ್ಕೆ ಹಾಕಬೇಕು. ಕಾರ್ಖಾನೆ ಮಷೀನಿನಲ್ಲಿ ಎಡದಿಂದ ಬಲಕ್ಕೆ. ಕಾರಣ ಸರಳ: ಸೂಜಿಗೆ ಒಂದು ಕಡೆ ಉದ್ದನೆಯ ಗೀರು ಇದೆ, ದಾರವು ಆ ಗೀರಿನಲ್ಲಿ ಅಡಗಿ ಇಳಿಯಬೇಕಾದ್ದರಿಂದ ಗೀರು ಇರುವ ಕಡೆಯಿಂದಲೇ ಒಳಗೆ ಹೋಗಬೇಕು. ಮನೆಯ ಮಷೀನಿನ ಅಭ್ಯಾಸ ಬಲವಾಗಿರುವವಳಿಗೆ ಈ ಒಂದು ಮಾತನ್ನು ಎರಡು ಸಲ ಹೇಳಬೇಕಾಗುತ್ತದೆ.

ಇಷ್ಟಾದ ಮೇಲೆ ಕಾಗದ ತೆಗೆದುಕೊಂಡೆವು. ಮೂರು ಅಂಕಣಗಳು: ಕೈ ಏನು ಮಾಡುತ್ತದೆ, ಕಣ್ಣು ಎಲ್ಲಿರಬೇಕು, ಬಾಯಿ ಏನು ಹೇಳಬೇಕು. ಒಟ್ಟು ೧೧ ಸಾಲು. ಬಾಯಿಯ ಅಂಕಣದಲ್ಲಿ ಎರಡು ವಾಕ್ಯಕ್ಕಿಂತ ಹೆಚ್ಚು ಬಂದರೆ ಆ ಹೆಜ್ಜೆಯನ್ನು ಒಡೆದು ಎರಡು ಮಾಡುವುದು. ಮೊದಲನೆಯ ಸಾಲು, ಮಷೀನಿನ ಸ್ವಿಚ್ಚು ಆರಿಸುವುದು. ಬೆರಳು ಸೂಜಿಯ ಕೆಳಗೆ ಇರುವಾಗ ಕಾಲು ಪೆಡಲನ್ನು ತುಳಿದರೆ ಆಗುವುದನ್ನು ಬರೆಯಬೇಕಾಗಿಲ್ಲ. ಪದಗಳ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಟೆನ್ಷನ್, ಬಾಬಿನ್, ಫೂಟು ಎಂಬುವಕ್ಕೆ ಅಚ್ಚಗನ್ನಡ ಪದಗಳನ್ನು ಹುಡುಕಬಹುದಿತ್ತು, ಕನ್ನಡ ವಿಭಾಗದವರಿಗೆ ಅದು ಹಿತವಾಗಿಯೂ ಇರುತ್ತಿತ್ತು. ಆದರೆ ಕಲಿತವಳು ನಾಳೆ ಕಾರ್ಖಾನೆಯಲ್ಲಿ ಕೇಳುವುದು ‘ಟೆನ್ಷನ್ ನೋಡಮ್ಮ’ ಎಂಬ ಮಾತನ್ನು. ಅಲ್ಲಿನ ಮಾತನ್ನೇ ಇಟ್ಟುಕೊಂಡೆವು. ನೋಡುವವರಲ್ಲಿ ಓದು ಬಾರದವರೂ ಇದ್ದುದರಿಂದ ಪರದೆಯ ಮೇಲೆ ಅಕ್ಷರಗಳನ್ನು ಹಾಕಲಿಲ್ಲ.

ಇನ್ನು ಚಿತ್ರೀಕರಣ. ಕ್ಯಾಮೆರಾ ಎಲ್ಲಿರಬೇಕು? ಭಾಷಣ ಮಾಡುವವರನ್ನು ಎದುರಿನಿಂದ ತೆಗೆಯುತ್ತಾರೆ. ಕೈಕೆಲಸವನ್ನು ಎದುರಿನಿಂದ ತೆಗೆದರೆ ಎಡಬಲಗಳು ಅದಲುಬದಲಾಗಿ, ನೋಡುವವಳು ಪ್ರತಿಯೊಂದನ್ನೂ ಮನಸ್ಸಿನಲ್ಲಿ ತಿರುಗಿಸಿಕೊಳ್ಳಬೇಕಾಗುತ್ತದೆ. ಎಡದಿಂದ ಬಲಕ್ಕೆ ಎಂಬುದೇ ಪಾಠದ ಸಾರವಾಗಿರುವಾಗ ಇದು ಸಲ್ಲದು. ಮಾಡುವವಳ ಕಣ್ಣು ಇರುವಲ್ಲಿಯೇ ಕ್ಯಾಮೆರಾ ಇರಬೇಕು. ಆದ್ದರಿಂದ ಮೊಬೈಲನ್ನು ಟೈಲರಿನ ಉದ್ದನೆಯ ಮರದ ಸ್ಕೇಲಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಸ್ಕೇಲನ್ನು ಕಿಟಕಿಯ ಸರಳಿಗೆ ಕಟ್ಟಿ, ಅಮ್ಮನ ಬಲ ಭುಜದ ಮೇಲಿನಿಂದ ನೋಡುವಂತೆ ಮಾಡಿದೆವು. ಮೊಬೈಲನ್ನು ಉದ್ದುದ್ದವಾಗಿ ಹಿಡಿದೆವೇ ಹೊರತು ಅಡ್ಡಲಾಗಿ ಅಲ್ಲ. ಸಿನಿಮಾ ಬಲ್ಲವರು ಇದನ್ನು ಒಪ್ಪಲಾರರು. ಆದರೆ ದಾರದ ದಾರಿ ಮೇಲಿನಿಂದ ಕೆಳಕ್ಕೆ ಇದೆ. ನೋಡುವವಳು ಮೊಬೈಲನ್ನು ಮಷೀನಿನ ಪಕ್ಕದಲ್ಲಿ ಉದ್ದಕ್ಕೇ ಒರಗಿಸಿಟ್ಟುಕೊಳ್ಳುತ್ತಾಳೆ.

ಬಿಳಿಯ ಮಷೀನಿನ ಮೇಲೆ ಬಿಳಿಯ ದಾರ ಕಾಣುವುದಿಲ್ಲ. ಕೆಂಪು ದಾರ ಹಾಕಿದೆವು. ಸೂಜಿಯ ಹಿಂದೆ ಒಂದು ಚೂರು ಬಿಳಿ ಕಾಗದ ಹಿಡಿದರೆ ಕಣ್ಣು ಕಾಣುತ್ತದೆ, ಮೊಬೈಲಿನ ನೋಟವೂ ಅಲ್ಲಿಯೇ ನಿಲ್ಲುತ್ತದೆ. ತೆಳುವಾದ ದಾರವನ್ನು ಹುಡುಕಲಾರದೆ ಕ್ಯಾಮೆರಾ ಹಿಂದುಮುಂದಾಗಿ ಮಸುಕಾಗುವುದುಂಟು; ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಹೆಚ್ಚಿನ ಮೊಬೈಲುಗಳಲ್ಲಿ ಫೋಕಸು ಅಲ್ಲಿಯೇ ಸ್ಥಿರವಾಗುತ್ತದೆ. ಬೆಳಕಿನ ಮಾತು ಇದಕ್ಕಿಂತ ಸ್ವಾರಸ್ಯವಾದುದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಹಳೆಯ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ ೧೦೦ ಸಲ ಏರಿಳಿಯುತ್ತದೆ. ನಮ್ಮ ಕಣ್ಣಿಗೆ ಇದು ಕಾಣುವುದಿಲ್ಲ. ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ ೩೦ ಚಿತ್ರ ತೆಗೆಯುತ್ತದೆ. ೧೦೦ನ್ನು ೩೦ರಿಂದ ಭಾಗಿಸಿದರೆ ಶೇಷ ಉಳಿಯುತ್ತದಷ್ಟೆ, ಆ ಶೇಷವೇ ಚಿತ್ರದ ಮೇಲೆ ತೇಲಾಡುವ ಕಪ್ಪು ಪಟ್ಟೆಗಳಾಗಿ ಕಾಣುವುದು. ಸೆಕೆಂಡಿಗೆ ೨೫ ಎಂದು ಬದಲಾಯಿಸಿಕೊಂಡರೆ ತೇಲಾಟ ನಿಲ್ಲುತ್ತದೆ. ಅದಕ್ಕಿಂತಲೂ ಸುಲಭವಾದುದು ದೀಪವನ್ನೇ ಆರಿಸುವುದು. ನಮ್ಮ ಮುಂಗೋಣೆಯ ಕಿಟಕಿ ಪೂರ್ವಕ್ಕಿದೆ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಒಳ್ಳೆಯ ಬೆಳಕು. ಭಾನುವಾರಕ್ಕೆ ಎರಡು ಗಂಟೆ, ಮೂರು ಭಾನುವಾರ. ಕೆಂಗೇರಿಯ ಗೆಳತಿ ಬೆಳಗಿನ ಮೆಟ್ರೊ ಹಿಡಿದು ವಿಜಯನಗರದಲ್ಲಿ ಇಳಿದು ನಡೆದು ಬರುತ್ತಿದ್ದಳು.

ಧ್ವನಿಯನ್ನು ಚಿತ್ರದ ಜೊತೆಗೆ ಹಿಡಿಯಲಿಲ್ಲ. ತರಕಾರಿ ಗಾಡಿಯ ಧ್ವನಿವರ್ಧಕ, ಪಕ್ಕದ ಲೇತ್ ಅಂಗಡಿ, ಕುಕ್ಕರಿನ ಸೀಟಿ, ಇವುಗಳ ನಡುವೆ ಅದು ಆಗದ ಮಾತು. ರಾತ್ರಿ ಹನ್ನೊಂದರ ಮೇಲೆ ಅಮ್ಮ ಕಂಬಳಿ ಹೊದ್ದು ಕುಳಿತು ಹನ್ನೊಂದು ಸಾಲುಗಳನ್ನೂ ಹೇಳಿದಳು. ಕಂಬಳಿ ಗೋಡೆಯ ಪ್ರತಿಧ್ವನಿಯನ್ನು ನುಂಗುತ್ತದೆ. ಅವಳಿಗೆ ಓದಲು ಹೇಳಲಿಲ್ಲ. ಪ್ರತಿಯೊಂದು ಹೆಜ್ಜೆಯ ಚಿತ್ರವನ್ನು ಮುಂದಿಟ್ಟು, ಪಕ್ಕದ ಮನೆಯವಳಿಗೆ ಹೇಳುವಂತೆ ಹೇಳು ಎಂದೆವು.

ಚೌಕಟ್ಟಿನೊಳಗೆ ಏನಿರಬಾರದು ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. ಆಫ್ರಿಕದ ಒಂದು ಹಳ್ಳಿಯಲ್ಲಿ, ನಿಂತ ನೀರನ್ನು ತೆಗೆದು ಊರನ್ನು ಚೊಕ್ಕಟವಾಗಿಡುವುದು ಹೇಗೆಂದು ತೋರಿಸುವ ಚಿತ್ರವನ್ನು ಜನರಿಗೆ ತೋರಿಸಿ, ಏನು ಕಂಡಿರಿ ಎಂದು ಕೇಳಿದರಂತೆ. ಕೋಳಿ ಕಂಡೆವು ಎಂದರು! ಚಿತ್ರ ಮಾಡಿದವರಿಗೆ ಅದರಲ್ಲಿ ಕೋಳಿ ಇರುವುದೇ ಗೊತ್ತಿರಲಿಲ್ಲ. ಒಂದೊಂದೇ ಚೌಕಟ್ಟನ್ನು ಪರೀಕ್ಷಿಸಿದಾಗ ಮೂಲೆಯಲ್ಲಿ ಒಂದು ಕ್ಷಣ ಕೋಳಿಯೊಂದು ಹಾರಿಹೋದದ್ದು ಕಂಡಿತು. ಜಾನ್ ವಿಲ್ಸನ್ ಎಂಬವರು ಹೇಳಿದ ಈ ಪ್ರಸಂಗವನ್ನು ಮಾರ್ಷಲ್ ಮೆಕ್ಲೂಹನ್ನರು ೧೯೬೨ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಎತ್ತಿಕೊಂಡು, ಹಳ್ಳಿಯವರಿಗೆ ಚಿತ್ರ ನೋಡುವ ಅಭ್ಯಾಸವಿರಲಿಲ್ಲವೆಂದು ವ್ಯಾಖ್ಯಾನ ಮಾಡಿದರು. ನನಗೇನೋ ಆ ಜನರ ಮೇಲೆಯೇ ಗೌರವ. ಅವರಿಗೆ ಬೇಕಾದದ್ದನ್ನು ಅವರು ಕಂಡರು. ಅಮ್ಮನ ಕೈಗಳ ಹಿಂದೆ ಗೋಡೆಯಲ್ಲಿ ತೂಗುತ್ತಿದ್ದ ಮದುವೆಯ ಫೋಟೊವನ್ನೂ ಕ್ಯಾಲೆಂಡರನ್ನೂ ನಾವು ಮೊದಲೇ ತೆಗೆದಿಟ್ಟೆವು.

ಸಂಕಲನವೆಂದರೆ ಬಿಡುವ ವಿದ್ಯೆ. ೪೭ ತುಣುಕುಗಳಲ್ಲಿ ಉಳಿದದ್ದು ೧೯. ಶೀರ್ಷಿಕೆಯ ಸಂಗೀತ, ಕಾಲೇಜಿನ ಕಟ್ಟಡ, ನಮ್ಮ ಮೂವರ ಹೆಸರು, ಇವು ಮೊದಲಿಗೆ ಇಲ್ಲ. ತೆರೆದ ಕೂಡಲೆ ಕಾಣುವುದು ಎರಡು ಹೊಲಿಗೆ: ಒಂದು ನೇರವಾದದ್ದು, ಇನ್ನೊಂದು ಅಡಿಯಲ್ಲಿ ಗಂಟಾದದ್ದು. ನೋಡುವವಳಿಗೆ ತನ್ನ ತೊಂದರೆ ಅಲ್ಲಿ ಕಂಡರೆ ಮುಂದೆ ನೋಡುತ್ತಾಳೆ. ೨೦೧೪ರಲ್ಲಿ ಫಿಲಿಪ್ ಗುವೊ ಮತ್ತು ಅವರ ಸಂಗಡಿಗರು ಎಡ್‌ಎಕ್ಸ್ ಎಂಬ ಅಂತರ್ಜಾಲ ಪಾಠಶಾಲೆಯ ೬೯ ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ, ಆರು ನಿಮಿಷ ಮೀರಿದ ಪಾಠಗಳಲ್ಲಿ ಗಮನ ಬೇಗ ಕುಗ್ಗುತ್ತದೆಂದು ಕಂಡರು. ಅವರು ನೋಡಿದ್ದು ವಿಶ್ವವಿದ್ಯಾಲಯದ ಪಾಠಗಳನ್ನು. ಮಷೀನಿನ ಮುಂದೆ ಕುಳಿತು ಕೆಲಸ ಮಾಡುತ್ತ ನೋಡುವವಳಿಗೆ ಅದು ಹಾಗೆಯೇ ಅನ್ವಯಿಸಬೇಕಿಲ್ಲ. ಆದರೂ ಚಿಕ್ಕದಾದರೆ ಹುಡುಕಿ ಮತ್ತೆ ನೋಡುವುದು ಸುಲಭ.

ಮೊಣಕಾಲನ್ನು ತೋರಿಸುವುದು ಹೇಗೆಂಬುದೇ ದೊಡ್ಡ ಪ್ರಶ್ನೆಯಾಯಿತು. ಕೈಯನ್ನು ತೋರಿಸಿ, ಆಮೇಲೆ ಮೊಣಕಾಲನ್ನು ತೋರಿಸಿದರೆ, ಒಂದಾದ ಮೇಲೆ ಒಂದು ಮಾಡಬೇಕೆಂದು ಅರ್ಥವಾಗುತ್ತದೆ. ನಿಜವಾಗಿ ಎರಡೂ ಒಟ್ಟಿಗೆ ನಡೆಯಬೇಕು. ಚಿತ್ರಗಳ ಕ್ರಮವನ್ನೇ ಕಣ್ಣು ಕಾಲದ ಕ್ರಮವೆಂದು ತಿಳಿಯುತ್ತದೆ. ಆದ್ದರಿಂದ ಅಲ್ಲಿ ಮಾತ್ರ ಪರದೆಯನ್ನು ಎರಡು ಭಾಗ ಮಾಡಿ, ಮೇಲೆ ಕೈ, ಕೆಳಗೆ ಮೊಣಕಾಲು ಇಟ್ಟೆವು. ಎರಡು ಮೊಬೈಲಿನಲ್ಲಿ ಏಕಕಾಲಕ್ಕೆ ತೆಗೆದು, ಮೊದಲಿಗೆ ಒಂದು ಚಪ್ಪಾಳೆ ಹೊಡೆದು, ಆ ಸದ್ದಿನಿಂದ ಎರಡನ್ನೂ ಸರಿಹೊಂದಿಸಿಕೊಂಡದ್ದಾಯಿತು. ಪ್ರತಿಯೊಂದು ಹೆಜ್ಜೆಯ ಕೊನೆಯಲ್ಲಿ ಮೂರು ಸೆಕೆಂಡು ಚಿತ್ರ ನಿಂತಿರುತ್ತದೆ, ತಡೆದು ಮಾಡಿ ನೋಡಲು ಅನುಕೂಲವಾಗಲೆಂದು. ಕೊನೆಯಲ್ಲಿ ಅಮ್ಮನ ೧೨ ಸೆಕೆಂಡಿನ ವೇಗವನ್ನು ಒಂದೂ ಮಾತಿಲ್ಲದೆ ಹಾಗೆಯೇ ಬಿಟ್ಟಿದ್ದೇವೆ.

ಪರೀಕ್ಷೆಗೆ ಬೀದಿಯ ಆರು ಜನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸಿದೆವು. ಅಮ್ಮ ಅಡಿಗೆಮನೆಯಲ್ಲಿ, ನಾವು ಬಾಯಿ ತೆರೆಯಕೂಡದು. ‘ಚೆನ್ನಾಗಿದೆಯೆ’ ಎಂದು ಕೇಳುವುದು ಪರೀಕ್ಷೆಯಲ್ಲ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕೈ ಎಲ್ಲಿ ನಿಲ್ಲುತ್ತದೆಂದು ಗುರುತು ಹಾಕಿಕೊಳ್ಳುವುದಷ್ಟೆ ನಮ್ಮ ಕೆಲಸ. ಇಬ್ಬರು ಸೂಜಿಯ ಬಳಿ ತಡವರಿಸಿದರು. ಆ ಹೆಜ್ಜೆಯನ್ನು ಇನ್ನೂ ಹತ್ತಿರದಿಂದ ಇನ್ನೊಂದು ಸಲ ತೋರಿಸುವಂತೆ ಸೇರಿಸಿದೆವು. ರಾಯಚೂರಿನ ಕಡೆಯಿಂದ ಬಂದು ನಮ್ಮ ಬೀದಿಯಲ್ಲಿ ನೆಲಸಿರುವ ಒಬ್ಬರು ಪೂರ್ತಿ ಪೋಣಿಸಿ ಮುಗಿಸಿ, “ಇದು ನಿಮ್ಮವ್ವನ ಕೈ ಅಲ್ಲೇನ್?” ಎಂದು ಬಳೆಯಿಂದಲೇ ಗುರುತು ಹಿಡಿದರು.

ಆರು ಜನರಲ್ಲಿ ಇಬ್ಬರು ಇದುವರೆಗೆ ಟ್ರಯಲ್‌ಗೆ ಹೋಗಿ ಬಂದಿದ್ದಾರೆ. ಒಬ್ಬರನ್ನು ಟೈಲರಾಗಿಯೇ ತೆಗೆದುಕೊಂಡರು. ಇನ್ನೊಬ್ಬರು ದಾರ ಸರಿಯಾಗಿಯೇ ಪೋಣಿಸಿದರು. ಹೊಲಿಗೆಯ ವೇಗ ಸಾಲದೆಂದು ಹೆಲ್ಪರ್ ಕೆಲಸ ಕೊಟ್ಟರು. ವೇಗವನ್ನು ನಮ್ಮ ವಿಡಿಯೊ ಕಲಿಸಲಾರದು, ಅದಕ್ಕೆ ಮಷೀನಿನ ಮುಂದೆ ತಿಂಗಳುಗಟ್ಟಲೆ ಕೂರಬೇಕು. ಅವರು ಈಗ ಭಾನುವಾರ ಮಧ್ಯಾಹ್ನ ನಮ್ಮ ಮುಂಗೋಣೆಯಲ್ಲಿ ಹಳೆಯ ಸೀರೆಯ ಚೂರುಗಳನ್ನು ಹೊಲಿಯುತ್ತ ಕುಳಿತಿರುತ್ತಾರೆ.

ಮುಂದಿನದು ಓವರ್‌ಲಾಕ್ ಮಷೀನು. ಅದರಲ್ಲಿ ಮೂರು ಉಂಡೆ ದಾರ, ಒಂದರ ದಾರಿಯನ್ನು ಇನ್ನೊಂದು ಅಡ್ಡಹಾಯುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮವಿದೆ, ಸೂಜಿ ಎಲ್ಲಕ್ಕಿಂತ ಕೊನೆಗೆ. ಕೆಂಪು, ನೀಲಿ, ಹಸಿರು ಮೂರು ಬಣ್ಣದ ದಾರ ತಂದಿಟ್ಟಿದ್ದೇವೆ. ಮಷೀನು ನಮ್ಮ ಮನೆಯಲ್ಲಿಲ್ಲ. ಹತ್ತಿರದ ಒಂದು ಮಷೀನ್ ರಿಪೇರಿ ಅಂಗಡಿಯವರು ಭಾನುವಾರ ಎರಡು ಗಂಟೆಯ ಹೊತ್ತು ಬಿಟ್ಟುಕೊಡಲು ಒಪ್ಪಿದ್ದಾರೆ. ಅಲ್ಲಿ ಬಾಗಿಲು ಪಶ್ಚಿಮಕ್ಕಿದೆ, ಆದ್ದರಿಂದ ಮಧ್ಯಾಹ್ನ ಮೂರರ ಮೇಲೆ ಹೋಗಬೇಕು.